ಕಟಕ ರಾಶಿಯ ಕಾದ ಗ್ರಹ: 55 ಕ್ಯಾಂಕ್ರಿ-ಇ

ಕಟಕ ರಾಶಿ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಪಂಚಾಂಗ ಮತ್ತು ಜಾತಕ. ಅದೇ ರಾಶಿಯ ದಿಕ್ಕಿನಲ್ಲಿ, ಪುಷ್ಯ ನಕ್ಷತ್ರದ ತುಸು ಉತ್ತರಕ್ಕೆ, ಭೂಮಿಯಿಂದ ಸುಮಾರು 41 ಜ್ಯೋತಿರ್ವರ್ಷಗಳ ದೂರದಲ್ಲಿ ಬಹುಮಟ್ಟಿಗೆ ನಮ್ಮ ಸೂರ್ಯನನ್ನೇ ಹೋಲುವ ಒಂದು ನಕ್ಷತ್ರವಿದೆ. ಖಗೋಳ ವಿಜ್ಞಾನಿಗಳು ಅದನ್ನು 55 ಕ್ಯಾಂಕ್ರಿ ಎಂದು ಕರೆಯುತ್ತಾರೆ. ಅದನ್ನು ಸುತ್ತುತ್ತಿರುವ ಐದು ಗ್ರಹಗಳು ಈವರೆಗೆ ತಿಳಿದುಬಂದಿವೆ. ಇವುಗಳಲ್ಲಿ ಎಲ್ಲಕ್ಕಿಂತ ಒಳಗಿನದು 55 ಕ್ಯಾಂಕ್ರಿ-ಇ. ನಮ್ಮ ಈ ಲೇಖನದ ವಸು.

ಈ ಗ್ರಹವನ್ನು ಬಹಳ ಮಂದಿ 'ವಜ್ರದ ಗ್ರಹ' ಎಂಬ ಹೆಸರಿನಿಂದ ಬಲ್ಲರು. 2012ರಲ್ಲಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಆ ಸುದ್ದಿ ಬಂದಿತ್ತು. ಮಕ್ಕಳ ಶಾಲಾ ಪ್ರಾಜೆಕ್ಟುಗಳಲ್ಲಿ, ರಸಪ್ರಶ್ನೆಗಳಲ್ಲಿ ಅದು ಇಂದಿಗೂ ಉಳಿದುಕೊಂಡಿದೆ. ಆದರೆ ಆ ಹೇಳಿಕೆಯ ಆಧಾರ ಮರುವರ್ಷವೇ ಸಡಿಲಗೊಂಡಿತೆಂಬುದು ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ವಜ್ರದ ವಿಷಯ ಮಾತ್ರವಲ್ಲ. ಈ ಗ್ರಹದ ವರ್ಷವೆಷ್ಟು, ತೂಕವೆಷ್ಟು, ಅದು ಯಾವುದರಿಂದ ಆಗಿದೆ, ಅದಕ್ಕೆ ಗಾಳಿಯುಂಟೇ ಎಂಬ ಒಂದೊಂದು ಪ್ರಶ್ನೆಗೂ ಕಳೆದ ಎರಡು ದಶಕಗಳಲ್ಲಿ ಉತ್ತರ ತಿದ್ದಲ್ಪಟ್ಟಿದೆ. ಆ ತಿದ್ದುಪಡಿಗಳ ಕಥೆಯೇ ವಜ್ರದ ಕಥೆಗಿಂತ ಹೆಚ್ಚು ಬೆಲೆಯುಳ್ಳದ್ದೆಂದು ನಮಗೆ ತೋರಿದ್ದರಿಂದ ಇಲ್ಲಿ ಅದನ್ನು ಕ್ರಮವಾಗಿ ಹೇಳಲು ಯತ್ನಿಸಿದ್ದೇವೆ.

ನಕ್ಷತ್ರ ಮತ್ತು ಅದರ ಸಂಸಾರ

55 ಕ್ಯಾಂಕ್ರಿ ನಮ್ಮ ಸೂರ್ಯನಿಗಿಂತ ಸ್ವಲ್ಪ ಚಿಕ್ಕದು, ಸ್ವಲ್ಪ ತಂಪಾದುದು. ಅದರ ರಾಶಿ ಸೂರ್ಯನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು. ಬೆಳಕು ಸುಮಾರು ಹತ್ತರಲ್ಲಿ ಆರು ಪಾಲು. ವಯಸ್ಸಿನಲ್ಲಿ ಅದು ಸೂರ್ಯನಿಗಿಂತ ಹಿರಿಯದು. ಅದರಲ್ಲಿ ಕಬ್ಬಿಣವೇ ಮೊದಲಾದ ಭಾರವಾದ ಧಾತುಗಳ ಪ್ರಮಾಣವೂ ಸೂರ್ಯನಲ್ಲಿರುವುದರ ಸುಮಾರು ಇಮ್ಮಡಿ. ಅತಿ ದೂರದಲ್ಲಿ ಮಂದಪ್ರಕಾಶದ ಒಂದು ಕೆಂಪು ಕುಬ್ಜ ನಕ್ಷತ್ರ ಅದಕ್ಕೆ ಜೊತೆಗಾರನಾಗಿದೆ.

ಗ್ರಹಗಳಿಗೆ ಹೆಸರಿಡುವ ಪದ್ಧತಿಯನ್ನು ಇಲ್ಲೇ ಹೇಳಿಬಿಡುವುದು ಒಳಿತು. ನಕ್ಷತ್ರದ ಹೆಸರಿನ ಮುಂದೆ ಬಿ, ಸಿ, ಡಿ ಎಂದು ಅಕ್ಷರಗಳನ್ನು ಪತ್ತೆಯಾದ ಕ್ರಮದಲ್ಲಿ ಸೇರಿಸುತ್ತಾರೆ. ದೂರದ ಕ್ರಮದಲ್ಲಿ ಅಲ್ಲ. ಇಲ್ಲಿ 'ಬಿ' 1996ರಲ್ಲಿ ಪತ್ತೆಯಾಯಿತು. ಸೂರ್ಯನ ಹೊರಗೆ ಮೊತ್ತಮೊದಲು ದೊರೆತ ಕೆಲವೇ ಗ್ರಹಗಳಲ್ಲಿ ಅದೂ ಒಂದು. 2002ರಲ್ಲಿ ಇನ್ನೆರಡರ ಸುಳಿವು ಸಿಕ್ಕಿತು. 2004ರಲ್ಲಿ ಬಂದುದು 'ಇ'. 2007ರಲ್ಲಿ 'ಎಫ್' ಸೇರಿದಾಗ, ಸೂರ್ಯನಲ್ಲದ ಬೇರೊಂದು ನಕ್ಷತ್ರಕ್ಕೆ ಐದು ಗ್ರಹಗಳಿರುವುದು ಮೊದಲ ಬಾರಿಗೆ ತಿಳಿದಂತಾಯಿತು. ಹೀಗಾಗಿ ಎಲ್ಲಕ್ಕಿಂತ ಒಳಗಿರುವ ಗ್ರಹಕ್ಕೆ ನಾಲ್ಕನೆಯ ಅಕ್ಷರ ಬಂದಿದೆ.

2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಸಾರ್ವಜನಿಕರ ಮತದಾನದ ಮೂಲಕ ಈ ಸಂಸಾರಕ್ಕೆ ನಿಜವಾದ ಹೆಸರುಗಳನ್ನೂ ಕೊಟ್ಟಿತು. ನಕ್ಷತ್ರಕ್ಕೆ ಕೊಪರ್ನಿಕಸ್, ಗ್ರಹಗಳಿಗೆ ಗೆಲಿಲಿಯೋ, ಬ್ರಾಹೆ, ಲಿಪ್ಪರ್ಹೇ, ಯಾನ್ಸೆನ್, ಹ್ಯಾರಿಯಟ್. ನಮ್ಮ 'ಇ'ಗೆ ಬಂದ ಹೆಸರು ಯಾನ್ಸೆನ್. ದೂರದರ್ಶಕದ ಆರಂಭದ ಚರಿತ್ರೆಯಲ್ಲಿ ಬರುವ ಡಚ್ ಕನ್ನಡಕ ತಯಾರಕನದು. ಹೆಸರುಗಳು ಗೌರವಯುತವಾಗಿವೆ. ಆದರೆ ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಹಳೆಯ ಅಕ್ಷರಗಳನ್ನೇ ಬಳಸುತ್ತಿದ್ದಾರೆ. ನಾವೂ ಹಾಗೆಯೇ ಮಾಡುತ್ತೇವೆ.

'ಮಹಾಭೂಮಿ' ಎಂದರೇನು?

55 ಕ್ಯಾಂಕ್ರಿ-ಇ 'ಸೂಪರ್ ಅರ್ಥ್', ಅಂದರೆ ಮಹಾಭೂಮಿಗಳ ವರ್ಗಕ್ಕೆ ಸೇರಿದೆ. ಈ ಪದ ಅನೇಕರನ್ನು ದಾರಿ ತಪ್ಪಿಸುತ್ತದೆ. ಇದು ಭೂಮಿಯಂತೆ ನೀರು, ಗಾಳಿ, ಹಸಿರು ಉಳ್ಳ ಜಗತ್ತೆಂಬ ಅರ್ಥವಲ್ಲ. ಭೂಮಿಗಿಂತ ಭಾರವಾದ, ಆದರೆ ನೆಪ್ಚೂನ್‌ಗಿಂತ ಹಗುರವಾದ ಗ್ರಹ ಎಂಬುದಷ್ಟೇ ಇದರ ತಾತ್ಪರ್ಯ. ಸ್ಥೂಲವಾಗಿ ಹತ್ತು ಭೂಮಿಗಳ ತೂಕದವರೆಗೆ. ವಿಚಿತ್ರವೆಂದರೆ ನಮ್ಮ ಸೌರವ್ಯೂಹದಲ್ಲಿ ಇಂಥದೊಂದೂ ಇಲ್ಲ. ಭೂಮಿಯ ನಂತರದ ಮೆಟ್ಟಿಲು ನೇರವಾಗಿ ಯುರೇನಸ್ ಮತ್ತು ನೆಪ್ಚೂನ್. ಆದರೆ ಬೇರೆ ನಕ್ಷತ್ರಗಳ ಬಳಿ ಈ ನಡುವಣ ಗಾತ್ರದ ಗ್ರಹಗಳೇ ಹೇರಳವಾಗಿ ದೊರೆತಿವೆ. ಮನೆಯಲ್ಲಿ ಒಂದೂ ಇಲ್ಲದ ವಸ್ತು ಊರೆಲ್ಲ ತುಂಬಿದೆ. ಆದ್ದರಿಂದ ಅದನ್ನು ದೂರದಿಂದಲೇ ಅಧ್ಯಯನ ಮಾಡಬೇಕಾಗಿದೆ.

ವರ್ಷದ ಲೆಕ್ಕ ತಪ್ಪಿದ್ದು

ಗ್ರಹವನ್ನು ನೇರವಾಗಿ ಯಾರೂ ಕಂಡಿರಲಿಲ್ಲ. ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸುವ ತಂದೆಯನ್ನು ನೆನೆದುಕೊಳ್ಳಿ. ಮಗು ದೊಡ್ಡ ಸುತ್ತು ಹಾಕುತ್ತದೆ. ತಂದೆಯೂ ನಿಂತಲ್ಲೇ ಸ್ವಲ್ಪ ಓಲಾಡುತ್ತಾನೆ. ನಕ್ಷತ್ರದ ಈ ಓಲಾಟವನ್ನು ಅದರ ಬೆಳಕಿನ ರೋಹಿತದಲ್ಲಿ ಅಳೆದು, ಕಾಣದ ಮಗುವಿನ ತೂಕವನ್ನೂ ಸುತ್ತಿನ ಅವಧಿಯನ್ನೂ ಊಹಿಸುತ್ತಾರೆ. 'ಇ' ಗ್ರಹದ ಎಳೆತಕ್ಕೆ 55 ಕ್ಯಾಂಕ್ರಿ ಓಲಾಡುವ ವೇಗ ಸೆಕೆಂಡಿಗೆ ಸುಮಾರು 6 ಮೀಟರ್, ಅಂದರೆ ಚುರುಕಾಗಿ ತುಳಿಯುವ ಸೈಕಲ್ ಸವಾರನ ವೇಗ! 41 ಜ್ಯೋತಿರ್ವರ್ಷಗಳ ಆಚೆಯ ಸೈಕಲ್ ವೇಗವನ್ನು ಅಳೆಯುವುದೆಂದರೆ ಸಾಮಾನ್ಯ ಮಾತಲ್ಲ.

2004ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಬಾರ್ಬರಾ ಮ್ಯಾಕ್‌ಆರ್ಥರ್ ಮತ್ತು ಅವರ ಸಂಗಡಿಗರು ಹಾಬಿ-ಎಬರ್ಲಿ ದೂರದರ್ಶಕದ ನೆರವಿನಿಂದ ಈ ಗ್ರಹವನ್ನು ಪತ್ತೆ ಮಾಡಿದರು. ಅದು ತನ್ನ ನಕ್ಷತ್ರವನ್ನು 2.8 ದಿನಕ್ಕೊಮ್ಮೆ ಸುತ್ತುತ್ತದೆ, ಅದರ ತೂಕ ಭೂಮಿಯ ಸುಮಾರು 14 ಪಟ್ಟು ಎಂದು ಅವರ ಲೆಕ್ಕ. ಅಂದರೆ ನೆಪ್ಚೂನ್‌ನ ಹತ್ತಿರದ ತೂಕ. ಆರು ವರ್ಷ ಎಲ್ಲರೂ ಅದನ್ನೇ ನಂಬಿದ್ದರು.

2010ರಲ್ಲಿ ರೆಬೆಕಾ ಡಾಸನ್ ಮತ್ತು ಡೇನಿಯಲ್ ಫ್ಯಾಬ್ರಿಕಿ ಎಂಬ ಇಬ್ಬರು ಯಾವ ಹೊಸ ವೀಕ್ಷಣೆಯನ್ನೂ ಮಾಡದೆ, ಹಳೆಯ ಅಂಕಿಗಳನ್ನೇ ಮತ್ತೆ ಹರಡಿಕೊಂಡು ಕುಳಿತರು. ದೋಷ ಅಂಕಿಗಳಲ್ಲಿರಲಿಲ್ಲ, ನೋಡಿದ ಸಮಯದಲ್ಲಿತ್ತು. ನಕ್ಷತ್ರವನ್ನು ರಾತ್ರಿ ಮಾತ್ರ ನೋಡಲು ಸಾಧ್ಯ. ಹೀಗಾಗಿ ಅಳತೆಗಳು ಬಹುಮಟ್ಟಿಗೆ ದಿನಕ್ಕೊಂದರಂತೆ ಬೀಳುತ್ತವೆ. ಟ್ಯೂಬ್‌ಲೈಟಿನ ಮಿಣುಕುವ ಬೆಳಕಿನಲ್ಲಿ ವೇಗವಾಗಿ ತಿರುಗುವ ಫ್ಯಾನು ಒಮ್ಮೊಮ್ಮೆ ನಿಧಾನವಾಗಿ ಚಲಿಸುವಂತೆ ತೋರುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿಯೂ ಆದುದು ಅದೇ. ದಿನಕ್ಕೊಮ್ಮೆ ಇಣುಕುವ ಕಣ್ಣಿಗೆ, ದಿನಕ್ಕಿಂತ ಬೇಗ ಸುತ್ತುವ ಗ್ರಹ ಸಾವಕಾಶವಾಗಿ ಸುತ್ತುವಂತೆ ಕಂಡಿತ್ತು. ನಿಜವಾದ ಅವಧಿ ಕೇವಲ 17 ಗಂಟೆ 41 ನಿಮಿಷ ಎಂದು ಅವರು ತೋರಿಸಿದರು.

ಈ ಒಂದು ತಿದ್ದುಪಡಿಯ ಪರಿಣಾಮ ದೊಡ್ಡದಾಯಿತು. ಅವಧಿ ಕಡಿಮೆಯಾದರೆ ಗ್ರಹ ನಕ್ಷತ್ರಕ್ಕೆ ಇನ್ನೂ ಹತ್ತಿರವಿರಬೇಕು. ಹತ್ತಿರವಿದ್ದರೆ ಅಷ್ಟೇ ಓಲಾಟ ಉಂಟುಮಾಡಲು ಕಡಿಮೆ ತೂಕ ಸಾಕು. 14 ಭೂಮಿಗಳ ತೂಕ ಸುಮಾರು 8ಕ್ಕೆ ಇಳಿಯಿತು. ಕಿರಿಯ ನೆಪ್ಚೂನ್ ಎನಿಸಿದ್ದುದು ಮಹಾಭೂಮಿಯಾಯಿತು. ಅಷ್ಟು ಹತ್ತಿರದ ಗ್ರಹ ನಮಗೂ ನಕ್ಷತ್ರಕ್ಕೂ ನಡುವೆ ಅಡ್ಡ ಹಾಯುವ ಸಂಭವವೂ ಹೆಚ್ಚು. ಆದ್ದರಿಂದ ಆ ಸಂಕ್ರಮಣವನ್ನು ಹುಡುಕಬೇಕೆಂಬ ಉತ್ಸಾಹವೂ ಮೂಡಿತು.

ಸಂಕ್ರಮಣ ಎಂದರೆ ನಮ್ಮ ಓದುಗರಿಗೆ ಹೊಸತಲ್ಲ. 2004ರ ಜೂನ್ 8 ಮತ್ತು 2012ರ ಜೂನ್ 6ರಂದು ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಕರಿಯ ಚುಕ್ಕೆಯಾಗಿ ಸಾಗಿದ್ದನ್ನು ಭಾರತದಲ್ಲೂ ಅನೇಕ ಕುಟುಂಬಗಳು ವಿಶೇಷ ಕನ್ನಡಕ ಹಿಡಿದು ನೋಡಿದ್ದವು. 55 ಕ್ಯಾಂಕ್ರಿ-ಇ ಕೂಡ 17 ಗಂಟೆ 41 ನಿಮಿಷಕ್ಕೊಮ್ಮೆ ಹೀಗೆ ತನ್ನ ನಕ್ಷತ್ರದ ಮುಂದೆ ಹಾಯುತ್ತದೆ. 2011ರಲ್ಲಿ ಎರಡು ತಂಡಗಳು ಇದನ್ನು ದೃಢಪಡಿಸಿದವು: ಕೆನಡಾದ 'ಮೋಸ್ಟ್' ಎಂಬ ಪುಟ್ಟ ಉಪಗ್ರಹವನ್ನು ಬಳಸಿ ಜೋಷುವಾ ವಿನ್ ಅವರ ತಂಡ, ಸ್ಪಿಟ್ಜರ್ ಅವಕೆಂಪು ದೂರದರ್ಶಕವನ್ನು ಬಳಸಿ ಬ್ರೈಸ್-ಒಲಿವಿಯೆ ಡೆಮೊರಿ ಅವರ ತಂಡ. ಆ ಒಂದೂವರೆ ಗಂಟೆಯ ಅವಧಿಯಲ್ಲಿ ನಕ್ಷತ್ರದ ಬೆಳಕು ಹತ್ತು ಸಾವಿರದಲ್ಲಿ ಮೂರೂವರೆ ಪಾಲಿನಷ್ಟು ಕುಂದುತ್ತದೆ. ಕುಂದಿದ ಪ್ರಮಾಣದಿಂದ ಗ್ರಹದ ಗಾತ್ರ ತಿಳಿಯಿತು: ಅದರ ಅಡ್ಡಳತೆ ಭೂಮಿಯ ಸುಮಾರು 1.9 ಪಟ್ಟು.

ಅಲ್ಲಿನ ಪರಿಸ್ಥಿತಿ

ತೂಕವೂ ಗಾತ್ರವೂ ತಿಳಿದ ಮೇಲೆ ಉಳಿದ ಲೆಕ್ಕ ಮನೆಯಲ್ಲೇ ಮಾಡಬಹುದು. ಭೂಮಿಯಲ್ಲಿ 60 ಕಿಲೋ ತೂಗುವ ವ್ಯಕ್ತಿ ಅಲ್ಲಿ 135 ಕಿಲೋ ತೂಗಿಯಾನು. ನಮ್ಮ ಒಂದು ವರ್ಷ ಮುಗಿಯುವುದರೊಳಗೆ ಅಲ್ಲಿ ಸುಮಾರು 496 ವರ್ಷಗಳು ಉರುಳುತ್ತವೆ. ನಕ್ಷತ್ರದಿಂದ ಗ್ರಹಕ್ಕಿರುವ ದೂರ ಸುಮಾರು 23 ಲಕ್ಷ ಕಿಲೋಮೀಟರ್, ಅಂದರೆ ನಮ್ಮಿಂದ ಚಂದ್ರನಿರುವ ದೂರದ ಆರು ಪಟ್ಟು ಮಾತ್ರ. ಸೂರ್ಯನಿಂದ ಬುಧನ ದೂರವೇ 5 ಕೋಟಿ 80 ಲಕ್ಷ ಕಿಲೋಮೀಟರ್ ಎಂಬುದನ್ನು ನೆನೆದರೆ ಇದು ಎಷ್ಟು ಸಮೀಪವೆಂಬುದು ಹೊಳೆಯುತ್ತದೆ. ಅಲ್ಲಿ ನಿಂತು ನೋಡುವುದು ಸಾಧ್ಯವಿದ್ದಿದ್ದರೆ ಆ ನಕ್ಷತ್ರ ನಮ್ಮ ಸೂರ್ಯನಿಗಿಂತ ಅರವತ್ತು ಪಟ್ಟಿಗೂ ಮಿಗಿಲಾಗಿ ಅಗಲವಾಗಿ ಆಕಾಶವನ್ನು ತುಂಬಿರುತ್ತಿತ್ತು. ಭೂಮಿಗೆ ಬೀಳುವ ಬಿಸಿಲಿನ ಸುಮಾರು ಎರಡೂವರೆ ಸಾವಿರ ಪಟ್ಟು ಬಿಸಿಲು ಅಲ್ಲಿ ಬೀಳುತ್ತದೆ.

ಇಷ್ಟು ಸಮೀಪದ ಗ್ರಹ, ನಮ್ಮ ಚಂದ್ರ ಭೂಮಿಗೆ ಒಂದೇ ಮುಖ ತೋರುವಂತೆ, ನಕ್ಷತ್ರಕ್ಕೆ ಸದಾ ಒಂದೇ ಮುಖ ಕೊಟ್ಟು ತಿರುಗುತ್ತಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಒಂದು ಕಡೆ ಮುಗಿಯದ ಹಗಲು, ಇನ್ನೊಂದು ಕಡೆ ಮುಗಿಯದ ರಾತ್ರಿ. ಹಗಲಿನ ಕಡೆ ಬಂಡೆ ಬಂಡೆಯಾಗಿ ಉಳಿಯಲಾರದು; ಕರಗಿದ ಶಿಲಾಪಾಕದ ಕಡಲೇ ಅಲ್ಲಿದ್ದೀತು.

ವಜ್ರದ ಸುದ್ದಿ

ಈಗ ಆ ಪ್ರಸಿದ್ಧ ಸುದ್ದಿಗೆ ಬರೋಣ. ಗ್ರಹದ ಸಾಂದ್ರತೆ ಗೊತ್ತಾದರೂ ಅದರ ಒಡಲಲ್ಲಿ ಏನಿದೆ ಎಂಬುದು ಅದೊಂದರಿಂದಲೇ ತೀರ್ಮಾನವಾಗುವುದಿಲ್ಲ. ಕಬ್ಬಿಣ ಮತ್ತು ಬಂಡೆಯ ಮೇಲೆ ನೀರಿನ ದಪ್ಪ ಹೊದಿಕೆಯಿದ್ದರೂ ಅದೇ ಸಾಂದ್ರತೆ ಬರಬಹುದು. ಇಂಗಾಲ ತುಂಬಿದ್ದರೂ ಬರಬಹುದು. 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ನಿಕ್ಕು ಮಧುಸೂದನ್ ಮತ್ತು ಸಹೋದ್ಯೋಗಿಗಳು ಎರಡನೆಯ ಸಾಧ್ಯತೆಯನ್ನು ಮಂಡಿಸಿದರು. ವಾರಾಣಸಿಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ತೆರಳಿದ ಭಾರತೀಯರು ಇವರು. ಮುಂದೆ ಕೇಂಬ್ರಿಜ್ ಸೇರಿ, ಕೆ2-18ಬಿ ಎಂಬ ಇನ್ನೊಂದು ಗ್ರಹದ ಗಾಳಿಯ ಬಗೆಗಿನ ಚರ್ಚೆಯಿಂದಲೂ ಹೆಸರಾದರು.

ಅವರ ತರ್ಕ ಹೀಗಿತ್ತು. ನಕ್ಷತ್ರ ಮತ್ತು ಗ್ರಹ ಒಂದೇ ಮೋಡದಿಂದ ಹುಟ್ಟುತ್ತವೆ. ಆಗ ದೊರೆತಿದ್ದ ಅಳತೆಯ ಪ್ರಕಾರ 55 ಕ್ಯಾಂಕ್ರಿಯಲ್ಲಿ ಆಮ್ಲಜನಕಕ್ಕಿಂತ ಇಂಗಾಲವೇ ಹೆಚ್ಚು. ಅಂತಹ ಮೋಡದಿಂದಾದ ಗ್ರಹದಲ್ಲಿ ನಮ್ಮ ಕಲ್ಲುಗಳ ಬದಲು ಇಂಗಾಲದ ವಸ್ತುಗಳೇ ಪ್ರಧಾನವಾಗಿದ್ದು, ಒಳಗಿನ ಅಗಾಧ ಒತ್ತಡದಲ್ಲಿ ಆ ಇಂಗಾಲ ವಜ್ರವಾಗಿರಬಹುದು. ಗ್ರಹದ ಮೂರನೆಯ ಒಂದು ಪಾಲಿನಷ್ಟೂ ಇರಬಹುದು. ಇದು 'ಹೀಗಿದ್ದರೆ ಹಾಗೆ' ಎಂಬ ಮಾದರಿ ಲೆಕ್ಕವೇ ಹೊರತು ವಜ್ರವನ್ನು ಯಾರೂ ಕಂಡದ್ದಲ್ಲ. ಪತ್ರಿಕೆಗಳು ಆ 'ಇದ್ದರೆ'ಯನ್ನು ಕೈಬಿಟ್ಟವು. ಇಡೀ ಗ್ರಹದ ವಜ್ರಕ್ಕೆ ಡಾಲರ್ ಲೆಕ್ಕದಲ್ಲಿ ಬೆಲೆ ಕಟ್ಟಿದವರೂ ಉಂಟು!

2013ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಯೊಹಾನಾ ಟೆಸ್ಕೆ ಮತ್ತು ತಂಡದವರು ನಕ್ಷತ್ರದ ರೋಹಿತವನ್ನು ಹೆಚ್ಚು ಎಚ್ಚರದಿಂದ ಅಳೆದರು. ಆಮ್ಲಜನಕದ ಪ್ರಮಾಣವನ್ನು ಒಂದೇ ಗೆರೆಯಿಂದಲ್ಲದೆ ಹಲವು ಗೆರೆಗಳಿಂದ ತಾಳೆ ನೋಡಿದರು. ಇಂಗಾಲ ಆಮ್ಲಜನಕಗಳ ಅನುಪಾತ ಸುಮಾರು 0.8 ಎಂದು ಬಂತು. ಹಿಂದಿನ ಅಳತೆ 1.1ಕ್ಕೂ ಮೇಲಿತ್ತು. ಸೂರ್ಯನಿಗಿಂತ ಇಂಗಾಲ ಹೆಚ್ಚೆಂಬುದೇನೋ ನಿಜ. ಆದರೆ ಆಮ್ಲಜನಕವನ್ನು ಮೀರಿಸುವಷ್ಟಿಲ್ಲ. ವಜ್ರದ ಮಾದರಿ ನಿಂತಿದ್ದ ನೆಲವೇ ಜರುಗಿದಂತಾಯಿತು. ವಜ್ರ ಇಲ್ಲವೇ ಇಲ್ಲವೆಂದು ಇದರಿಂದ ಸಾಬೀತಾಗಲಿಲ್ಲ; ಇದೆ ಎನ್ನಲು ಇದ್ದ ಮುಖ್ಯ ಕಾರಣ ಹೋಯಿತು. ಮನೆಯಲ್ಲಿ ಮಕ್ಕಳು ಕೇಳಿದರೆ ಇಷ್ಟು ಹೇಳುವುದು ಪ್ರಾಮಾಣಿಕ.

ಗಾಳಿ ಉಂಟೇ?

ಇನ್ನು ಇಂದಿನ ಮುಖ್ಯ ಪ್ರಶ್ನೆ. ಇದು ಈ ಒಂದು ಗ್ರಹಕ್ಕೆ ಸೀಮಿತವಾದುದಲ್ಲ. ನಕ್ಷತ್ರದ ಉರಿಗೆ ಮೈಯೊಡ್ಡಿದ ಕಲ್ಲಿನ ಗ್ರಹವೊಂದು ತನ್ನ ಗಾಳಿಯನ್ನು ಉಳಿಸಿಕೊಳ್ಳಬಲ್ಲುದೇ ಎಂಬುದು ಗೊತ್ತಾದರೆ, ಇತರ ಕಲ್ಲಿನ ಗ್ರಹಗಳಲ್ಲಿ ಗಾಳಿಯನ್ನು ಹುಡುಕುವವರಿಗೂ ದಾರಿ ಸುಗಮವಾಗುತ್ತದೆ. ನಮ್ಮ ಭೂಮಿಯೂ ಎಳೆತನದಲ್ಲಿ ಶಿಲಾಪಾಕದ ಕಡಲಿನಿಂದ ಆವೃತವಾಗಿದ್ದ ಗ್ರಹವೇ.

ಅಳೆಯುವ ಉಪಾಯ ಸರಳ. ಎಳೆಮಗು ತಕ್ಕಡಿಯ ಮೇಲೆ ನಿಲ್ಲುವುದಿಲ್ಲ. ತಾಯಿ ಮಗುವನ್ನೆತ್ತಿಕೊಂಡು ಒಮ್ಮೆ, ಒಬ್ಬಳೇ ಇನ್ನೊಮ್ಮೆ ತೂಗಿ, ಕಳೆದರೆ ಮಗುವಿನ ತೂಕ ಸಿಗುತ್ತದೆ. ಹಾಗೆಯೇ ಗ್ರಹ ನಕ್ಷತ್ರದ ಪಕ್ಕದಲ್ಲಿರುವಾಗ ಎರಡರ ಬೆಳಕು, ಹಿಂದೆ ಮರೆಯಾದಾಗ ನಕ್ಷತ್ರದ ಬೆಳಕು ಮಾತ್ರ. ವ್ಯತ್ಯಾಸವೇ ಗ್ರಹದ ಶಾಖ. 2012ರಲ್ಲಿ ಸ್ಪಿಟ್ಜರ್ ಹೀಗೆ ಈ ಗ್ರಹದ ಅವಕೆಂಪು ಬೆಳಕನ್ನು ಹಿಡಿಯಿತು. ಮಹಾಭೂಮಿಯೊಂದರ ಸ್ವಂತ ಬೆಳಕು ದೊರೆತದ್ದು ಅದೇ ಮೊದಲು.

ಆಮೇಲೆ ಬಂದ ಫಲಿತಾಂಶಗಳು ಒಂದಕ್ಕೊಂದು ಹೊಂದದೆ ಹೋದುವು. 2016ರಲ್ಲಿ ಡೆಮೊರಿ ತಂಡ ಗ್ರಹದ ಶಾಖದ ನಕ್ಷೆಯನ್ನು ಬರೆದು, ಅತಿ ಬಿಸಿಯಾದ ತಾಣ ನಡುಮಧ್ಯದಲ್ಲಿರದೆ ಪೂರ್ವಕ್ಕೆ ಸರಿದಿದೆ ಎಂದಿತು. ಶಾಖವನ್ನು ಸಾಗಿಸುವ ಗಾಳಿಯೋ ಲಾವಾರಸವೋ ಇರಬೇಕೆಂಬ ಸೂಚನೆ ಅದು. ಅದೇ ಅಂಕಿಗಳನ್ನು 2022ರಲ್ಲಿ ಮತ್ತೆ ಪರಿಶೀಲಿಸಿದ ಇನ್ನೊಂದು ತಂಡಕ್ಕೆ ಹೇಳಿಕೊಳ್ಳುವಂಥ ಸರಿತ ಕಾಣಲಿಲ್ಲ. 2016ರಲ್ಲೇ ಹಬಲ್ ದೂರದರ್ಶಕದ ವೀಕ್ಷಣೆಯಿಂದ ಜಲಜನಕ ಮತ್ತು ಹೀಲಿಯಂ ಇರುವ ಹಗುರ ಗಾಳಿಯ ಸುಳಿವು ಸಿಕ್ಕಿತೆಂದು ಲಂಡನ್ನಿನ ತಂಡವೊಂದು ಸಾರಿತು. 2021ರಲ್ಲಿ ಹೀಲಿಯಂ ಸೋರಿಕೆಯನ್ನು ಹುಡುಕಿದವರಿಗೆ ಏನೂ ದೊರೆಯಲಿಲ್ಲ. ಓದುಗರಿಗೆ ಇದು ಗೊಂದಲವೆನಿಸಬಹುದು. ಅಳೆಯುತ್ತಿರುವ ಬೆಳಕು ಎಷ್ಟು ಅಲ್ಪವೆಂಬುದನ್ನು ನೆನಪಿಟ್ಟರೆ ಆಶ್ಚರ್ಯವೆನಿಸದು.

ಸ್ಪಿಟ್ಜರ್ 2020ರಲ್ಲಿ ನಿವೃತ್ತವಾಯಿತು. ಅದರ ಕೆಲಸವನ್ನು ಜೇಮ್ಸ್ ವೆಬ್ ದೂರದರ್ಶಕ ಮುಂದುವರಿಸಿತು. 2024ರ ಮೇ ತಿಂಗಳಲ್ಲಿ ರೆನ್ಯು ಹು ನೇತೃತ್ವದ ತಂಡ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಗಮನಾರ್ಹ. ಗಾಳಿಯಿಲ್ಲದ ಬೋಳು ಶಿಲಾಪಾಕದ ಮೈಯಾಗಿದ್ದರೆ ಹಗಲಿನ ಕಡೆಯ ಉಷ್ಣತೆ ಸುಮಾರು 2200 ಡಿಗ್ರಿ ಸೆಲ್ಸಿಯಸ್ ಇರಬೇಕಿತ್ತು. ಅಳತೆಗೆ ಸಿಕ್ಕಿದ್ದು ಸುಮಾರು 1540 ಡಿಗ್ರಿ. ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ಆದ್ದರಿಂದ 'ತಂಪು' ಎಂದರೂ ಅದು ಕುಲುಮೆಯ ತಂಪೇ. ಆದರೂ ಲೆಕ್ಕಕ್ಕಿಂತ ಆರುನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆಯೆಂದರೆ, ಹಗಲಿನ ಶಾಖವನ್ನು ಯಾವುದೋ ಒಂದು ರಾತ್ರಿಯ ಕಡೆಗೆ ಹೊತ್ತೊಯ್ಯುತ್ತಿದೆ. ರೋಹಿತದ ಆಕಾರವೂ ಇಂಗಾಲದ ಡೈಆಕ್ಸೈಡ್ ಅಥವಾ ಮಾನಾಕ್ಸೈಡ್ ಇರುವ ಗಾಳಿಗೆ ಹೊಂದುತ್ತಿತ್ತು. ಹುಟ್ಟಿನಿಂದ ಬಂದ ಗಾಳಿ ಎಂದೋ ಹಾರಿಹೋಗಿ, ಒಳಗಿನ ಶಿಲಾಪಾಕವೇ ಅನಿಲಗಳನ್ನು ಉಗುಳುತ್ತ ಹೊಸ ಗಾಳಿಯನ್ನು ತುಂಬುತ್ತಿರಬಹುದೆಂದು ಅವರ ಅಭಿಪ್ರಾಯ.

ಇಷ್ಟಕ್ಕೇ ಪ್ರಕರಣ ಮುಗಿಯಲಿಲ್ಲ. ಅದೇ ವರ್ಷ ಇನ್ನೊಂದು ತಂಡ, ವೆಬ್ ಕಂಡ ಐದು ಮರೆಯಾಗುವಿಕೆಗಳನ್ನು ಹೋಲಿಸಿ, ಗ್ರಹದ ಹೊಳಪು ಒಂದೇ ವಾರದೊಳಗೆ ಗಣನೀಯವಾಗಿ ಏರಿಳಿಯುತ್ತದೆಂದು ವರದಿ ಮಾಡಿತು. ಗಾಳಿ ಒಮ್ಮೆ ದಟ್ಟವಾಗಿ ಒಮ್ಮೆ ತೆಳುವಾಗುತ್ತಿದೆಯೇ, ಕಲ್ಲಿನ ಆವಿ ಮೋಡಗಟ್ಟಿ ಮತ್ತೆ ಕರಗುತ್ತಿದೆಯೇ, ಇನ್ನಾವುದೋ ಕಾರಣವೇ ಎಂಬುದು ಇತ್ಯರ್ಥವಾಗಿಲ್ಲ. ಗಾಳಿ ಇರುವ ಸಂಭವ ಹೆಚ್ಚೆಂದು ನಮಗೂ ತೋರುತ್ತದೆ. ಆದರೆ ಈ ಗ್ರಹದ ಚರಿತ್ರೆಯನ್ನು ಓದಿದವರು 'ಖಚಿತ' ಎಂಬ ಮಾತನ್ನು ಬಳಸಲು ಹಿಂಜರಿಯುತ್ತಾರೆ.

ಕಳುಹಿಸಿದ ಒಂದು ಸಂದೇಶ

ಈ ನಕ್ಷತ್ರಕ್ಕೆ ನಾವು ಭೂಮಿಯವರು ಒಂದು ಪತ್ರ ಹಾಕಿದ್ದೇವೆಂಬುದು ಹೆಚ್ಚು ಮಂದಿಗೆ ತಿಳಿಯದು. 2003ರ ಜುಲೈ 6ರಂದು ಕ್ರಿಮಿಯಾದ ಯೆವ್ಪಟೋರಿಯಾದಲ್ಲಿರುವ 70 ಮೀಟರ್ ಅಗಲದ ರೇಡಿಯೋ ಆಂಟೆನಾದಿಂದ 'ಕಾಸ್ಮಿಕ್ ಕಾಲ್' ಎಂಬ ಯೋಜನೆಯ ಸಂದೇಶವನ್ನು 55 ಕ್ಯಾಂಕ್ರಿಯ ಕಡೆಗೆ ಕಳುಹಿಸಲಾಯಿತು. 'ಇ' ಗ್ರಹ ಇದೆಯೆಂದೇ ಆಗ ಯಾರಿಗೂ ತಿಳಿದಿರಲಿಲ್ಲ. ಸಂದೇಶ ಅಲ್ಲಿಗೆ ಮುಟ್ಟುವುದು 2044ರಲ್ಲಿ. ಓದಿ ಒಡನೆ ಉತ್ತರಿಸುವವರು ಯಾರಾದರೂ ಇದ್ದರೆ ಉತ್ತರ ಇಲ್ಲಿಗೆ ಬರುವುದು 2085ರ ಸುಮಾರಿಗೆ. ಕರಗಿದ ಕಲ್ಲಿನ 'ಇ' ಗ್ರಹದಿಂದ ಆ ನಿರೀಕ್ಷೆ ಇಲ್ಲ. 260 ದಿನಕ್ಕೊಮ್ಮೆ ಸುತ್ತುವ 'ಎಫ್' ಗ್ರಹ ಹಿತವಾದ ಬಿಸಿಲಿನ ದೂರದಲ್ಲಿದೆ ಎನ್ನುತ್ತಾರೆ; ಅದರ ತೂಕ ನೋಡಿದರೆ ಅದು ಕಾಲೂರಲು ನೆಲವಿಲ್ಲದ ಅನಿಲದ ಗ್ರಹವಾಗಿರುವ ಸಂಭವವೇ ಹೆಚ್ಚು.

ನೋಡಬಯಸುವವರಿಗೆ

ಗ್ರಹ ಕಾಣದು, ನಕ್ಷತ್ರವನ್ನು ಕಾಣಬಹುದು. ಯುಗಾದಿಯ ಆಸುಪಾಸಿನಲ್ಲಿ, ಮಾರ್ಚ್ ತಿಂಗಳ ನಡುವಿನ ನಂತರ, ರಾತ್ರಿ ಒಂಬತ್ತರ ಸುಮಾರಿಗೆ ಅದು ಆಕಾಶದಲ್ಲಿ ಅತಿ ಎತ್ತರದಲ್ಲಿರುತ್ತದೆ. ದೆಹಲಿಯಲ್ಲಿರುವವರಿಗೆ ಹೆಚ್ಚುಕಡಿಮೆ ನೇರ ನೆತ್ತಿಯ ಮೇಲೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ತುಸು ಉತ್ತರಕ್ಕೆ. ಚೆನ್ನೈ, ಬೆಂಗಳೂರುಗಳಲ್ಲಿ ಇನ್ನೂ ಸ್ವಲ್ಪ ಉತ್ತರಕ್ಕೆ. ಪುನರ್ವಸುವಿನ ಜೋಡಿ ತಾರೆಗಳಿಗೂ ಸಿಂಹ ರಾಶಿಯ ಮಘಾ ನಕ್ಷತ್ರಕ್ಕೂ ನಡುವಿನ ಮಂಕು ಪ್ರದೇಶವೇ ಕಟಕ. ಅದರ ಉತ್ತರದ ತುದಿಯಲ್ಲಿ ಅಯೋಟಾ ಕ್ಯಾಂಕ್ರಿ ಎಂಬ ತಾರೆಯಿದೆ. ಅದರಿಂದ ಪೂರ್ಣಚಂದ್ರನ ಎರಡೂವರೆ ಅಗಲದಷ್ಟು ಪೂರ್ವಕ್ಕೆ, ಒಂದಿಷ್ಟು ದಕ್ಷಿಣಕ್ಕೆ ಸರಿದರೆ 55 ಕ್ಯಾಂಕ್ರಿ. ಬರಿಗಣ್ಣಿನ ಎಲ್ಲೆಯ ಅಂಚಿನಲ್ಲೇ ಅದರ ಹೊಳಪಿರುವುದರಿಂದ ನಗರದ ದೀಪಗಳ ನಡುವೆ ಬೈನಾಕ್ಯುಲರ್ ಇಲ್ಲದೆ ಅದು ಸಿಗದು. ರಜೆಗೆ ಊರಿಗೆ ಹೋದಾಗ, ತಿಂಗಳ ಬೆಳಕಿಲ್ಲದ ರಾತ್ರಿ, ತೋಟದ ಕತ್ತಲಿನಲ್ಲಿ ಕಣ್ಣು ಪಳಗುವವರೆಗೆ ಕಾದು ನೋಡಿದರೆ ಬೈನಾಕ್ಯುಲರ್ ಇಲ್ಲದೆಯೂ ಕಂಡೀತು.